ಹಿಂದಕ್ಕೆ ವಾಲಿದ ಗೀಟು

ಮಾರ್ಚ್ ೬

ಮೈದುನನಿಗೆ,

ಈ ಕಾಗದದ ಮೊದಲ ಸಾಲು ಬರೆಯುವುದಕ್ಕೇ ನನಗೆ ಬಹಳ ಹೊತ್ತು ಹಿಡಿಯಿತು. ನಾವೆಲ್ಲ ಆರಾಮ, ನೀನೂ ಆರಾಮವಾಗಿರಬಹುದು ಎಂದು ಬರೆದರೆ ಜೈಲಿನಲ್ಲಿ ಕೂತವನನ್ನು ಅಣಕಿಸಿದ ಹಾಗಾಗುತ್ತದೆ. ಬರೆಯದಿದ್ದರೆ ಜಗಳಕ್ಕೆ ಬಂದವಳ ಹಾಗೆ ಕಾಣುತ್ತದೆ. ಎರಡೂ ಬೇಡವೆಂದು ನೇರ ವಿಷಯಕ್ಕೆ ಬರುತ್ತೇನೆ. ಅಂಗಡಿಯ ಕಂಪ್ಯೂಟರ್ ಕೈ ಕೊಟ್ಟಿದೆ.

ಚಳಿ ಕಳೆಯುವ ಹೊತ್ತಿಗೇ ಅದರ ಹೊಟ್ಟೆಯೊಳಗಿಂದ ಟಿಕ್ ಟಿಕ್ ಎಂದು ಸದ್ದು ಬರತೊಡಗಿತ್ತು. ಚರ್ಮ ಕತ್ತರಿಸುವ ಯಂತ್ರ ಬೂಟಿನ ಅಟ್ಟೆಯನ್ನು ಅರ್ಧ ಕತ್ತರಿಸಿ ನಿಂತುಬಿಡುತ್ತಿತ್ತು. ಮೂಲೆಯ ರಿಪೇರಿಯವರನ್ನು ಕರೆಸಿದೆ. ಏನು ಕೇಳಿದರೂ ಐದೇ ನಿಮಿಷ ಅನ್ನುತ್ತಾರಲ್ಲ, ನೀನು ಐದ್ನಿಮಿಷ ಎಂದು ಹೆಸರಿಟ್ಟಿದ್ದೆಯಲ್ಲ, ಅವರೇ. ಡಿಸ್ಕ್ ಸಾಯುತ್ತಿದೆ ಎಂದರು. ಹೊಸ ಡಿಸ್ಕ್ ತಂದು ಹಳೆಯದರ ಪಕ್ಕದಲ್ಲಿ ಜೋಡಿಸಿ, ವಿಂಡೋಸ್ ಇರುವ ಭಾಗವನ್ನು ಇದ್ದ ಹಾಗೇ ಹೊಸದಕ್ಕೆ ನಕಲು ಮಾಡಿದರು. ಅದಕ್ಕೆ ಕ್ಲೋನ್ ಅನ್ನುತ್ತಾರಂತೆ. ಕಂಪ್ಯೂಟರ್ ಎದ್ದಿತು, ಅವರು ಹೋದರು. ಟಿಕ್ ಟಿಕ್ ಮಾತ್ರ ನಿಲ್ಲಲಿಲ್ಲ. ಇನ್ನು ಹಳೆಯದು ಯಾಕಿರಬೇಕು ಎಂದು ನಾನೇ ಅದರ ವೈರು ಕಿತ್ತೆ. ಅಷ್ಟೇ, ಪರದೆ ಕಪ್ಪಾಯಿತು. ಎಡಗಡೆ ಮೇಲ್ತುದಿಯಲ್ಲಿ ಒಂದು ಬಿಳಿ ಗೆರೆ ಮಿಟುಕುತ್ತ ನಿಂತಿದೆ, ಮುಂದಕ್ಕೆ ಒಂದಡಿ ಇಡುವುದಿಲ್ಲ. ಹಳೆಯದನ್ನು ಮತ್ತೆ ಸಿಕ್ಕಿಸಿದರೆ ಏಳುತ್ತದೆ, ನರಳುತ್ತ.

ಐದ್ನಿಮಿಷ ಮತ್ತೆ ಬಂದು, ಎಲ್ಲ ಅಳಿಸಿ ಹೊಸ ವಿಂಡೋಸ್ ಹಾಕಿಬಿಡೋಣ ಎಂದರು. ನಾನು ಕಂಪ್ಯೂಟರಿಗೆ ಅಡ್ಡ ನಿಂತುಕೊಂಡೆ. ಯಂತ್ರವನ್ನು ನಡೆಸುವ ಆ ಪ್ರೋಗ್ರಾಮ್ ಈ ವಿಂಡೋಸ್ ಬಿಟ್ಟು ಬೇರೆ ಕಡೆ ಓಡುವುದಿಲ್ಲ, ಅದನ್ನು ಮಾಡಿದ ಕಂಪನಿ ಬಾಗಿಲು ಹಾಕಿದೆ ಎಂದು ನೀನೇ ಹೇಳಿದ್ದು ನನಗೆ ನೆನಪಿತ್ತು. ಅದರೊಳಗೆ ನಮ್ಮ ಗಿರಾಕಿಗಳ ಪಾದಗಳ ಅಳತೆಯೆಲ್ಲ ಇದೆ. ಒಂದು ಕಾಲು ಚಿಕ್ಕದಾದವರು, ಪಾದ ತಿರುಚಿದವರು, ಬೆರಳು ಕಳೆದುಕೊಂಡವರು. ಎಲ್ಲರನ್ನೂ ಮತ್ತೆ ಕರೆದು ಬರಿಗಾಲಲ್ಲಿ ನಿಲ್ಲಿಸಿ ಅಳೆಯುವುದು ಆಗುವ ಮಾತಲ್ಲ. ಎಷ್ಟೋ ಜನ ಊರನ್ನೇ ಬಿಟ್ಟಿದ್ದಾರೆ.

ನಿಮ್ಮಣ್ಣ ಈಗ ಎಲ್ಲವನ್ನೂ ಚಾಕುವಿನಲ್ಲೇ ಕತ್ತರಿಸುತ್ತಿದ್ದಾರೆ. ಮಣಿಕಟ್ಟು ಊದಿದೆ. ಕೇಳಿದರೆ ಏನಾಗಿಲ್ಲ ಅನ್ನುತ್ತಾರೆ. ನಾನು ನಿನಗೆ ಬರೆಯುತ್ತಿರುವುದು ಅವರಿಗೆ ಗೊತ್ತಿಲ್ಲ. ಮನೆಯ ಫೋನ್ ಎತ್ತುವುದು ಅವರೇ ಆದ್ದರಿಂದ ನೀನು ಅಲ್ಲಿಂದ ಫೋನ್ ಮಾಡುವುದಿಲ್ಲ ಎಂಬುದೂ ನನಗೆ ಗೊತ್ತು. ಕಾಗದದಲ್ಲಿ ಹೇಳಿಕೊಡಲು ಆಗುತ್ತದೆಯೇ? ಆಗದಿದ್ದರೆ ಆಗದು ಎಂದಾದರೂ ಬರೆ.

ಅತ್ತಿಗೆ


ಮಾರ್ಚ್ ೧೪

ಅತ್ತಿಗೆ,

ನಿಮ್ಮ ಕಾಗದ ಬಂತು. ಇಲ್ಲಿಗೆ ಬಂದ ಮೇಲೆ ನನ್ನ ಹೆಸರಿಗೆ ಬಂದ ಮೊದಲ ಕಾಗದ. ಕೊಟ್ಟ ಕಾವಲಿನವರು ಎರಡು ಸಲ ನನ್ನ ಮುಖ ನೋಡಿದರು, ಇವನಿಗೇನಾ ಎಂದು.

ಮೊದಲು ಒಂದು ಮಾತು. ಹಳೆಯ ಡಿಸ್ಕನ್ನು ಇನ್ನು ಓಡಿಸಬೇಡಿ. ವೈರು ಕಿತ್ತು, ಒಂದು ಬಟ್ಟೆಯಲ್ಲಿ ಸುತ್ತಿ, ಅಲುಗಾಡದ ಕಡೆ ಇಡಿ. ಹೊಸದಕ್ಕೆ ಏನಾದರೂ ಹೆಚ್ಚುಕಮ್ಮಿ ಆದರೆ ಅದೊಂದೇ ದಿಕ್ಕು.

ಏನಾಗಿದೆ ಎಂದು ಊಹಿಸಬಲ್ಲೆ. ಹಳೆಯ ಡಿಸ್ಕಿನಲ್ಲಿ ಎರಡು ಭಾಗಗಳಿದ್ದವು. ದೊಡ್ಡದು ವಿಂಡೋಸ್ ಇರುವ ಸಿ. ಅದರ ಮುಂದೆ ಒಂದು ಪುಟ್ಟ ಭಾಗ, ಅದಕ್ಕೆ ಅಕ್ಷರವೂ ಇಲ್ಲ, ತೆರೆದರೆ ಕಾಣುವುದೂ ಇಲ್ಲ. ಕಂಪ್ಯೂಟರಿಗೆ ಕರೆಂಟು ಕೊಟ್ಟಾಗ ವಿಂಡೋಸನ್ನು ತಟ್ಟಿ ಎಬ್ಬಿಸುವುದು ಆ ಪುಟ್ಟ ಭಾಗದ ಕೆಲಸ. ಐದ್ನಿಮಿಷ ದೊಡ್ಡದನ್ನು ಮಾತ್ರ ನಕಲು ಮಾಡಿದ್ದಾರೆ. ಹೊಸ ಡಿಸ್ಕಿನಲ್ಲಿ ವಿಂಡೋಸ್ ಪೂರ್ತಿ ಇದೆ, ಎಬ್ಬಿಸುವವರಿಲ್ಲ. ಎರಡೂ ಇದ್ದಾಗ ಎದ್ದದ್ದು ಹಳೆಯದೇ. ಹೊಸದು ಇವತ್ತಿನವರೆಗೆ ಒಂದು ಸಲವೂ ಎದ್ದಿಲ್ಲ. ಅಳತೆಗಳೆಲ್ಲ ಅದರೊಳಗೆ ಇರುತ್ತವೆ, ಹೆದರಬೇಡಿ.

ಎಬ್ಬಿಸುವುದನ್ನು ದೊಡ್ಡ ಭಾಗದೊಳಗೇ ಹೊಸದಾಗಿ ಬರೆಯಬಹುದು. ಗೋಂದಿನ ಡಬ್ಬಗಳ ಹಿಂದೆ ವಿಂಡೋಸ್ ಹಾಕುವ ಸಿ.ಡಿ. ಇದೆ. ಅದರಿಂದ ಕಂಪ್ಯೂಟರ್ ಏಳಿಸಿ, ರಿಪೇರಿ ಎಂಬುದನ್ನು ಆರಿಸಿ, ಕಪ್ಪು ಕಿಟಕಿ ತೆರೆದು ಹೀಗೆ ಟೈಪ್ ಮಾಡಿ:

████████
██████ ████ █
██████ █████████ █
███████ ██████████ ██ ██
███████ ███████

ಇಷ್ಟು ಮಾಡಿದರೆ ಏಳಬೇಕು. ಏಳದಿದ್ದರೆ ಪರದೆಯ ಮೇಲೆ ಇರುವುದನ್ನು ಅಕ್ಷರ ಬಿಡದೆ ಬರೆದು ಕಳಿಸಿ.

ಅಣ್ಣನ ಮಣಿಕಟ್ಟಿಗೆ ಪಟ್ಟಿ ಕಟ್ಟಿಕೊಳ್ಳಲು ಹೇಳಿ. ನಾನು ಹೇಳಿದೆ ಅನ್ನಬೇಡಿ.

ನಿಮ್ಮ ಮೈದುನ


ಮಾರ್ಚ್ ೨೩

ಮೈದುನನಿಗೆ,

ನಿನ್ನ ಕಾಗದ ಸಿಕ್ಕಿತು. ಮುಖ್ಯವಾದ ಐದು ಸಾಲಿಗೂ ಯಾರೋ ದಪ್ಪ ಮಸಿ ಬಳಿದಿದ್ದಾರೆ. ಕಿಟಕಿಗೆ ಹಿಡಿದು ನೋಡಿದೆ, ಹಿಂದಿನಿಂದ ನೋಡಿದೆ, ಕನ್ನಡಿಯಲ್ಲೂ ನೋಡಿದೆ. ಬಳಿದವರು ಕೆಲಸದಲ್ಲಿ ಗಟ್ಟಿಗರು. ಅಲ್ಲಿ ಕಾಗದಗಳನ್ನು ಓದಿ ಕಳಿಸುತ್ತಾರೆ ಎಂದು ಕೇಳಿದ್ದೆ, ಆದರೆ ನಾನು ನಿನಗೆ ಬರೆದದ್ದರಲ್ಲಾಗಲಿ ನೀನು ನನಗೆ ಬರೆದದ್ದರಲ್ಲಾಗಲಿ ಅಳಿಸುವಂಥದ್ದು ಏನಿದೆ? ಈ ಕಾಗದವನ್ನೂ ಓದುತ್ತಿರುವ ಸಾಹೇಬರೇ, ನಮ್ಮದು ಬೂಟಿನ ಅಂಗಡಿ. ನಮಗೆ ಬೇಕಿರುವುದು ಕಂಪ್ಯೂಟರ್ ಏಳುವುದು, ಬೇರೇನೂ ಅಲ್ಲ.

ಉಳಿದದ್ದು ಅರ್ಥವಾಯಿತು. ಹೊಸದು ಒಂದು ಸಲವೂ ಎದ್ದಿಲ್ಲ ಎಂಬುದನ್ನು ಐದ್ನಿಮಿಷದವರಿಗೆ ಹೇಳಿದೆ. ತಲೆ ಕೆರೆದುಕೊಂಡು, ಹೌದಲ್ಲ, ಆ ಪುಟ್ಟ ಭಾಗ ಖಾಲಿ ಅಂದುಕೊಂಡು ಬಿಟ್ಟೆ ಎಂದರು. ಒಳ್ಳೆಯ ಮನುಷ್ಯ, ಅವಸರ ಒಂದು. ಹಳೆಯ ಡಿಸ್ಕನ್ನು ಒಳಪದರದ ಮೆತ್ತನೆ ಬಟ್ಟೆಯಲ್ಲಿ ಸುತ್ತಿ ನನ್ನ ಕಪಾಟಿನಲ್ಲಿಟ್ಟಿದ್ದೇನೆ.

ಸಂಗೀತದ ಟೀಚರ್ ಬಂದಿದ್ದರು. ಅವರ ಎಡಗಾಲಿನ ಬೂಟಿನ ಅಟ್ಟೆ ಒಂದು ಕಡೆ ಪೂರಾ ಸವೆದಿದೆ. ನಿಂತು ಪಾಠ ಹೇಳುವುದು ಕಷ್ಟವಾಗಿ ಈಗ ಕೂತು ಹೇಳುತ್ತಾರಂತೆ. ಅವರ ಪಾದಕ್ಕೆ ಅಟ್ಟೆಯಲ್ಲಿ ಮೂರು ಪದರ, ಮೂರೂ ಬೇರೆ ಬೇರೆ ಓರೆ. ಅದನ್ನು ಕೈಯಲ್ಲಿ ಕತ್ತರಿಸಲು ನಿಮ್ಮಣ್ಣ ಎರಡು ಸಲ ಹೊರಟು ಎರಡು ಸಲವೂ ಚರ್ಮ ಹಾಳು ಮಾಡಿದರು. ಮೂರನೆಯ ಸಲ ಹೊರಡಲಿಲ್ಲ, ಚಾಕು ಕೆಳಗಿಟ್ಟು ಬೀದಿ ನೋಡುತ್ತ ನಿಂತರು. ಟೀಚರಿಗೆ ಇನ್ನೊಂದು ತಿಂಗಳು ಎಂದಿದ್ದೇವೆ. ಯಾವ ಧೈರ್ಯದ ಮೇಲೆ ಅಂದೆವೋ.

ನಿನ್ನ ಕಾಗದ ಬಂದ ದಿನ, ಯಾರದು ಎಂದು ಕೇಳಿದರು. ಬ್ಯಾಂಕಿನದು ಅಂದೆ. ಮಣಿಕಟ್ಟಿಗೆ ಪಟ್ಟಿ ಕಟ್ಟಿದ್ದೇನೆ. ನೀನು ಹೇಳಿದೆ ಅನ್ನಲಿಲ್ಲ.

ಅತ್ತಿಗೆ


ಎಪ್ರಿಲ್ ೨

ಅತ್ತಿಗೆ,

ಮಸಿ ಬಳಿದವರನ್ನು ಭೇಟಿಯಾದೆ. ಪತ್ರ ನೋಡುವ ಅಧಿಕಾರಿ. ಕನ್ನಡಕವನ್ನು ಹಣೆಯ ಮೇಲಿಟ್ಟುಕೊಂಡು ಮೇಜಿನ ಮೇಲೆಲ್ಲ ಕನ್ನಡಕ ಹುಡುಕುವ ಪೈಕಿ. ನಿಮ್ಮ ಕಾಗದದಲ್ಲಿ ತಮ್ಮನ್ನು ಉದ್ದೇಶಿಸಿ ಬರೆದದ್ದನ್ನು ಓದಿಯೇ ನನ್ನನ್ನು ಕರೆಸಿದ್ದರು.

“ಈ ಓರೆ ಗೀಟುಗಳೇನಪ್ಪ, ಈ ಎರಡೆರಡು ಚುಕ್ಕೆ ಯಾಕೆ? ಹಿಂದೆ ಒಬ್ಬ ಹೀಗೇ ಬರೆದು ಗೋಡೆಯ ನಕ್ಷೆ ಕಳಿಸಿದ್ದ.”

ನಾನು ವಿವರಿಸಿದೆ, ಕಂಪ್ಯೂಟರ್ ಏಳಿಸುವುದಕ್ಕೆ ಬೂಟ್ ಮಾಡುವುದು ಅನ್ನುತ್ತಾರೆ ಎಂದೂ ಹೇಳಿದೆ. ಅವರು ಸಮಾಧಾನವಾಗಿ ಕೇಳಿದರು. ನಡುವೆ ಒಮ್ಮೆ, ಬೂಟ್ ಅಂಗಡಿಯವರಿಗೇ ಬೂಟ್ ಮಾಡೋಕೆ ಬರಲ್ವಾ ಎಂದು ತಮ್ಮ ಮಾತಿಗೆ ತಾವೇ ನಕ್ಕರು. ಕೊನೆಗೆ ಹೇಳಿದ್ದು ಇದು: “ನನಗೆ ಅರ್ಥ ಆಗೋ ಹಾಗೆ ಬರಿ. ಗೀಟು ಎಳೀಬೇಡ, ಗೀಟು ಅಂತ ಮಾತಲ್ಲಿ ಬರಿ. ಓದ್ಕೊಂಡು ಹೋದ್ರೆ ತಿಳೀಬೇಕು. ತಿಳಿದ್ರೆ ಕಳಿಸ್ತೀನಿ.”

ಹಾಗಾಗಿ ಎಲ್ಲವನ್ನೂ ಮಾತಿನಲ್ಲೇ ಬರೆಯುತ್ತೇನೆ. ಇದು ಅವರಿಗೂ ತಿಳಿಯಬೇಕು, ನಿಮಗೂ ತಿಳಿಯಬೇಕು. ಪ್ರತಿ ಸಾಲು ಮುಗಿದ ಮೇಲೆ ಎಂಟರ್ ಒತ್ತಿ.

ಕಪ್ಪು ಕಿಟಕಿ ತೆರೆದ ಮೇಲೆ ಡಿಸ್ಕ್‌ಪಾರ್ಟ್ ಎಂದು ಒಂದೇ ಪದವಾಗಿ ಬರೆಯಿರಿ. ಆಮೇಲೆ ಸೆಲೆಕ್ಟ್ ಡಿಸ್ಕ್ ಸೊನ್ನೆ, ಸೊನ್ನೆಯನ್ನು ಅಂಕಿಯಲ್ಲಿ. ಹಳೆಯ ಡಿಸ್ಕ್ ಕಿತ್ತಿರುವುದರಿಂದ ಹೊಸದೇ ಸೊನ್ನೆ. ಆಮೇಲೆ ಸೆಲೆಕ್ಟ್ ಪಾರ್ಟಿಶನ್ ಒಂದು. ಆಮೇಲೆ ಆಕ್ಟಿವ್. ಇಲ್ಲಿಂದಲೇ ಏಳಬೇಕು ಎಂದು ಗುರುತು ಹಾಕಿದ ಹಾಗೆ ಅದು. ಎಕ್ಸಿಟ್ ಎಂದು ಬರೆದು ಹೊರಗೆ ಬನ್ನಿ.

ಈಗ ಮುಖ್ಯವಾದ ಸಾಲು. ಮೊದಲು ಬಿ, ಸಿ, ಡಿ, ಅದಕ್ಕೆ ಅಂಟಿಕೊಂಡೇ ಬೂಟ್, ನಮ್ಮ ಬೋರ್ಡಿನ ಮೇಲಿರುವ ಅದೇ ಸ್ಪೆಲಿಂಗ್. ಒಂದು ಜಾಗ ಬಿಡಿ. ಸಿ, ಒಂದರ ಮೇಲೊಂದು ಎರಡು ಚುಕ್ಕೆ, ಹಿಂದಕ್ಕೆ ವಾಲಿದ ಗೀಟು, ವಿಂಡೋಸ್. ಒಂದು ಜಾಗ. ಮುಂದಕ್ಕೆ ವಾಲಿದ ಗೀಟು, ಎಸ್. ಒಂದು ಜಾಗ. ಸಿ, ಎರಡು ಚುಕ್ಕೆ. ಎಂಟರ್.

ಗೀಟುಗಳ ವಿಷಯದಲ್ಲಿ ಎಚ್ಚರ. ಕುರ್ಚಿಗೆ ಒರಗಿ ಕೂತವನ ಬೆನ್ನಿನ ಹಾಗೆ ಇರುವುದು ಹಿಂದಕ್ಕೆ ವಾಲಿದ್ದು. ಬಗ್ಗಿ ಅಟ್ಟೆ ಹೊಲಿಯುವವನ ಹಾಗೆ ಇರುವುದು ಮುಂದಕ್ಕೆ ವಾಲಿದ್ದು. ಅದಲುಬದಲಾದರೆ ಅದು ಒಪ್ಪುವುದಿಲ್ಲ.

ಕೊನೆಗೆ ಎರಡು ಸಾಲು. ಬೂಟ್‌ರೆಕ್, ಜಾಗ, ಮುಂದಕ್ಕೆ ವಾಲಿದ ಗೀಟು, ಅದಕ್ಕೆ ಅಂಟಿ ಫಿಕ್ಸ್ ಎಂ ಬಿ ಆರ್. ಮತ್ತೆ ಅದೇ ಸಾಲು, ಎಂ ಬಿ ಆರ್ ಬದಲು ಬೂಟ್. ಸಿ.ಡಿ. ತೆಗೆದು ಮತ್ತೆ ಏಳಿಸಿ.

ಓದಿ ನೋಡಿದ ಅಧಿಕಾರಿ, ನನಗೆ ಕಂಪ್ಯೂಟರ್ ಗೊತ್ತಿಲ್ಲ ಆದ್ರೆ ಇಷ್ಟು ನಾನೂ ಮಾಡ್ತೀನಿ ಎಂದರು. ಇದಕ್ಕೆ ಮಸಿ ಬೀಳುವುದಿಲ್ಲ ಎಂದುಕೊಂಡಿದ್ದೇನೆ.

ನಿಮ್ಮ ಮೈದುನ


ಎಪ್ರಿಲ್ ೧೩

ಮೈದುನನಿಗೆ,

ಮಸಿ ಬಿದ್ದಿರಲಿಲ್ಲ. ಆದರೆ ಬೇರೆ ಒಂದು ಆಯಿತು, ಅದನ್ನು ಮೊದಲು ಹೇಳುತ್ತೇನೆ.

ಭಾನುವಾರ ಅಂಗಡಿ ಮುಚ್ಚಿತ್ತು. ನಿಮ್ಮಣ್ಣ ಚರ್ಮ ನೋಡಲು ಹೋಗಿದ್ದರು, ಸಂಜೆಯಾಗುತ್ತದೆ ಅಂದಿದ್ದರು. ನಾನು ನಿನ್ನ ಕಾಗದವನ್ನು ಪರದೆಗೆ ಆನಿಸಿಟ್ಟುಕೊಂಡು ಒಂದೊಂದೇ ಅಕ್ಷರ ಕುಟ್ಟುತ್ತಿದ್ದೆ. ಡಿಸ್ಕ್‌ಪಾರ್ಟ್ ಎಲ್ಲ ನೀರು ಕುಡಿದ ಹಾಗೆ ಆಯಿತು. ಮುಖ್ಯವಾದ ಸಾಲು ಮಾತ್ರ ಒಪ್ಪಲಿಲ್ಲ. ಎಷ್ಟು ಸಲ ಬರೆದರೂ ಆಗುವುದಿಲ್ಲ ಅನ್ನುತ್ತಿತ್ತು. ತಲೆ ಚಿಟ್ಟು ಹಿಡಿದು ಕೂತಿದ್ದೆ. ಹಿಂದೆ ಯಾರೋ ನಿಂತ ಹಾಗಾಯಿತು. ಚರ್ಮದ ಮಂಡಿ ಬಾಗಿಲು ಹಾಕಿತ್ತಂತೆ, ಬೇಗ ಬಂದುಬಿಟ್ಟಿದ್ದಾರೆ. ನನ್ನ ಭುಜದ ಮೇಲಿಂದ ಕಾಗದ ಓದುತ್ತಿದ್ದಾರೆ. ನಿನ್ನ ಅಕ್ಷರ ಅವರಿಗೆ ಗೊತ್ತಾಗದೆ ಇರುತ್ತದೆಯೇ, ಬರೆಯಲು ಕಲಿಸಿದವರೇ ಅವರು.

ಬೈಯುತ್ತಾರೆ ಎಂದುಕೊಂಡೆ. ಇಲ್ಲವೇ ತಿರುಗಿ ಹೊರಟುಹೋಗುತ್ತಾರೆ. ಕಾಗದವನ್ನು ಕೊನೆಯವರೆಗೂ ಓದಿದರು. ಆಮೇಲೆ ಬೆರಳು ಚಾಚಿ ಪರದೆ ತೋರಿಸಿದರು.

“ಗೀಟು ಹಿಂದಕ್ಕೆ ವಾಲಬೇಕು ಅಂತ ಬರೆದಿದಾನಲ್ಲ. ನೀನು ಮುಂದಕ್ಕೆ ಹಾಕಿದೀಯ.”

ಹೌದು, ಮುಂದಕ್ಕೇ ಹಾಕಿದ್ದೆ. ತಿದ್ದಿದೆ. ಒಪ್ಪಿತು. ನೀನು ಹೋದ ಮೇಲೆ ಅವರ ಬಾಯಿಂದ ನಿನ್ನ ಬಗ್ಗೆ ಬಂದ ಮೊದಲ ಮಾತು ಅದು.

ಒಂದು ವಿಷಯ ಬರೆದುಬಿಡುತ್ತೇನೆ. ನಾವು ಮೂವರೂ ಒಟ್ಟಿಗೆ ಕೂತು ಇದನ್ನು ಮಾತಾಡಿಲ್ಲ. ಅವತ್ತು ಕೋರ್ಟಿನಲ್ಲಿ ನಾನು ಹಿಂದಿನ ಸಾಲಿನಲ್ಲಿದ್ದೆ. ನಿಮ್ಮಣ್ಣ ಪ್ರಮಾಣ ಮಾಡಿ, ವ್ಯಾನಿನ ಬ್ರೇಕ್ ಸರಿಯಿರಲಿಲ್ಲ, ತಮ್ಮನದು ತಪ್ಪಿಲ್ಲ ಎಂದರು. ಮರುದಿನ ನೀನು ಎದ್ದು ನಿಂತು, ಬ್ರೇಕ್ ಸರಿಯಿತ್ತು, ನನಗೆ ಜೊಂಪು ಹತ್ತಿತ್ತು, ಆ ಹಿರಿಯರು ರಸ್ತೆ ದಾಟುತ್ತಿದ್ದುದು ಕಾಣಲಿಲ್ಲ ಅಂದೆ. ಸತ್ತವರ ಹೆಂಡತಿ ಮುಂದಿನ ಸಾಲಿನಲ್ಲಿದ್ದರು. ನೀನು ಹೇಳುವಾಗ ಅವರು ತಲೆಯೆತ್ತಿ ನಿನ್ನನ್ನು ನೋಡಿದರು. ಅದನ್ನು ನಾನು ನೋಡಿದೆ. ನೀನು ಹೇಳಿದ್ದು ಸರಿ ಎಂದು ನನಗೆ ಅಲ್ಲೇ ಅನ್ನಿಸಿತು. ಅದೇ ಹೊತ್ತಿಗೆ ನನ್ನ ಪಕ್ಕದಲ್ಲಿ ಕೂತ ನಿಮ್ಮಣ್ಣನ ಮುಖವನ್ನೂ ನೋಡಿದೆ. ನಿನ್ನ ಪಾಲಿಗೆ ಅದು ನಿಜ ಹೇಳಿದ್ದು. ಅವರ ಪಾಲಿಗೆ, ತಮ್ಮನನ್ನು ಉಳಿಸಲು ಹೋಗಿ ಎಲ್ಲರ ಎದುರು ತಮ್ಮನಿಂದಲೇ ಸುಳ್ಳ ಅನ್ನಿಸಿಕೊಂಡದ್ದು.

ವ್ಯಾನು ಅಂದಿನಿಂದ ಹಿತ್ತಲಲ್ಲಿ ಹೊದಿಕೆಯೊಳಗೆ ನಿಂತಿದೆ. ಬ್ರೇಕ್ ಸರಿಯಿಲ್ಲ ಎಂದು ಪ್ರಮಾಣ ಮಾಡಿದವರು ಅದನ್ನು ಓಡಿಸುವುದು ಹೇಗೆ? ರಿಪೇರಿಗೆ ಕೊಟ್ಟರೆ ಮೆಕ್ಯಾನಿಕ್ ಬಿಚ್ಚಿ ನೋಡಿ ಏನೂ ಆಗಿಲ್ಲ ಅನ್ನುತ್ತಾನೆ. ಹಾಗಾಗಿ ಅತ್ತಲೂ ಇಲ್ಲ, ಇತ್ತಲೂ ಇಲ್ಲ. ಸಾಮಾನು ಸಾಗಿಸಲು ಬೇರೆಯವರ ಗಾಡಿ ಕರೆಯುತ್ತೇವೆ.

ಇನ್ನು ಕಂಪ್ಯೂಟರ್. ಹೊಸ ಡಿಸ್ಕ್ ತಾನೊಂದೇ ಎದ್ದಿತು. ವಿಂಡೋಸ್ ಚಿತ್ರ ಬಂತು, ಪಾಸ್‌ವರ್ಡ್ ಕೇಳಿತು, ಕೊಟ್ಟೆ. ಆಮೇಲೆ ಡೆಸ್ಕ್‌ಟಾಪ್ ಸಿದ್ಧವಾಗುತ್ತಿದೆ ಎಂದು ಬರೆದುಕೊಂಡು ನಿಂತಿದೆ. ನಾವು ಊಟ ಮುಗಿಸಿ ಬಂದರೂ ಸಿದ್ಧವಾಗುತ್ತಲೇ ಇತ್ತು. ಕೊನೆಗೆ ಖಾಲಿ ನೀಲಿ ಪರದೆ. ಒಂದೂ ಚಿತ್ರವಿಲ್ಲ. “ಅವನಿಗೆ ಬರಿ, ಬಣ್ಣ ತಿಳಿ ನೀಲಿ ಅಂತಲೂ ಬರಿ” ಎಂದರು ನಿಮ್ಮಣ್ಣ. ಬರೆದಿದ್ದೇನೆ.

ಅತ್ತಿಗೆ


ಎಪ್ರಿಲ್ ೨೪

ಅತ್ತಿಗೆ,

ತಿಳಿ ನೀಲಿ ಎಂದು ಬರೆದದ್ದು ಒಳ್ಳೆಯದಾಯಿತು. ಗಾಢ ನೀಲಿಯಾಗಿದ್ದರೆ ರೋಗ ಬೇರೆ.

ಅಣ್ಣನ ಬಗ್ಗೆ ನೀವು ಬರೆದದ್ದನ್ನು ಓದಿದೆ. ಮಡಿಸಿಟ್ಟು ಮತ್ತೆ ತೆಗೆದು ಓದಿದೆ. ನನಗೆ ತಿಳಿದದ್ದು ಡಿಸ್ಕಿನ ವಿಷಯ, ಅದನ್ನು ಬರೆಯುತ್ತೇನೆ.

ವಿಂಡೋಸ್ ಯಾವ ಡಿಸ್ಕಿಗೆ ಯಾವ ಅಕ್ಷರ ಎಂದು ತನ್ನೊಳಗೆ ಬರೆದಿಟ್ಟುಕೊಳ್ಳುತ್ತದೆ. ಹಳೆಯ ಡಿಸ್ಕಿಗೆ ಸಿ ಎಂದು ಬರೆದುಕೊಂಡಿತ್ತು. ನಕಲು ಮಾಡಿದಾಗ ಆ ಬರಹವೂ ನಕಲಾಗಿ ಬಂದಿದೆ. ಈಗ ಹೊಸ ಡಿಸ್ಕ್ ತಾನೊಂದೇ ಎದ್ದು ನೋಡುತ್ತದೆ, ಸಿ ಎಂಬುದು ಹಳೆಯದಕ್ಕೆ ಮೀಸಲು. ಹಳೆಯದು ಇಲ್ಲ, ಆದರೂ ಆ ಜಾಗಕ್ಕೆ ತಾನು ಕೂರುವುದಿಲ್ಲ. ಡಿ ಎಂದೋ ಇ ಎಂದೋ ತನ್ನನ್ನು ಕರೆದುಕೊಳ್ಳುತ್ತದೆ. ಮಿಕ್ಕ ಸಾಮಾನೆಲ್ಲ ಸಿ ಯಲ್ಲಿ ಸಿಗುತ್ತದೆ ಎಂದು ಹುಡುಕಲು ಹೋದರೆ ಸಿ ಇಲ್ಲವೇ ಇಲ್ಲ. ಅಲ್ಲೇ ನಿಂತುಬಿಡುತ್ತದೆ. ಆ ಬರಹವನ್ನು ಅಳಿಸಿದರೆ ಸಾಕು. ಮುಂದಿನ ಸಲ ಎದ್ದಾಗ ಹೊಸದಾಗಿ ನೋಡಿ ತಾನೇ ಸಿ ಆಗುತ್ತದೆ.

ಮೊದಲಿನ ಹಾಗೇ ಸಿ.ಡಿ. ಯಿಂದ ಏಳಿಸಿ ಕಪ್ಪು ಕಿಟಕಿಗೆ ಬನ್ನಿ. ರೆಜ್‌ಎಡಿಟ್ ಎಂದು ಬರೆಯಿರಿ. ಬೇರೊಂದು ಕಿಟಕಿ ತೆರೆಯುತ್ತದೆ. ಅದರ ಫೈಲ್ ಎಂಬಲ್ಲಿ ಲೋಡ್ ಹೈವ್ ಎಂದಿದೆ. ಅದನ್ನು ಒತ್ತಿ ಸಿ ಯೊಳಗೆ (ಸಿ.ಡಿ. ಯಿಂದ ಎದ್ದಾಗ ಹೊಸದೇ ಸಿ ಆಗಿ ಕಾಣುತ್ತದೆ) ವಿಂಡೋಸ್, ಅದರೊಳಗೆ ಸಿಸ್ಟಮ್ ೩೨, ಅದರೊಳಗೆ ಕಾನ್ಫಿಗ್, ಅದರೊಳಗೆ ಸಿಸ್ಟಮ್ ಎಂಬ ಕಡತ ಆರಿಸಿ. ಒಂದು ಹೆಸರು ಕೇಳುತ್ತದೆ, ಯಾವುದಾದರೂ ಕೊಡಿ. ಆ ಹೆಸರಿನ ಕೆಳಗೆ ಮೌಂಟೆಡ್ ಡಿವೈಸಸ್ ಎಂದಿರುತ್ತದೆ. ಬಲಗಡೆ ಕಾಣುವ ಸಾಲುಗಳನ್ನೆಲ್ಲ ಅಳಿಸಿ, ಮೊದಲನೆಯ ಖಾಲಿ ಸಾಲು ಅಳಿಯುವುದಿಲ್ಲ, ಅದು ಇರಲಿ. ಕೊನೆಗೆ ನೀವು ಕೊಟ್ಟ ಹೆಸರಿನ ಮೇಲೆ ನಿಂತು ಅನ್‌ಲೋಡ್ ಹೈವ್ ಒತ್ತಲೇಬೇಕು. ಮರೆಯಬೇಡಿ.

ಇಲ್ಲಿ ನನ್ನನ್ನು ಬಟ್ಟೆ ಒಗೆಯುವ ಶೆಡ್ಡಿಗೆ ಹಾಕಿದ್ದಾರೆ. ಕೈ ನೆನೆದು ನೆನೆದು ಬೆರಳ ತುದಿಯ ಗಟ್ಟಿ ಚರ್ಮವೆಲ್ಲ ಹೋಗಿದೆ. ಈಗ ಸೂಜಿ ಹಿಡಿದರೆ ನೋಯುತ್ತದೇನೋ.

ನಿಮ್ಮ ಮೈದುನ


ಮೇ ೩

ನಿನ್ನ ಅತ್ತಿಗೆಗೆ ಜ್ವರ. ಅದಕ್ಕೆ ನಾನು ಬರೆಯುತ್ತಿದ್ದೇನೆ.

ರೆಜ್‌ಎಡಿಟ್ ತೆರೆಯಿತು. ಫೈಲ್ ಕೆಳಗೆ ಲೋಡ್ ಹೈವ್ ಎಂಬ ಸಾಲು ಇದೆ, ಆದರೆ ಮಂಕಾಗಿದೆ. ಒತ್ತಿದರೆ ಒತ್ತಿಸಿಕೊಳ್ಳುವುದಿಲ್ಲ. ಏನು ಮಾಡಬೇಕು ಎಂದು ತಿಳಿಸುವುದು.

ಇನ್ನೊಂದು. ಸಂಗೀತದ ಟೀಚರ ಎಡಗಾಲಿನ ಮರದ ಅಚ್ಚು ಕಪಾಟಿನಲ್ಲಿಲ್ಲ. ನೀನೇ ಎಲ್ಲೋ ಇಟ್ಟಿರಬೇಕು.

ಅಂಗಡಿಯಿಂದ


ಮೇ ೧೧

ಅಣ್ಣ,

ಎಡಗಡೆ ಐದು ಸಾಲುಗಳಿರುತ್ತವೆ. ಅದರಲ್ಲಿ ನಡುವೆ ಲೋಕಲ್ ಮಶೀನ್ ಎಂದು ಕೊನೆಯಾಗುವ ಸಾಲಿನ ಮೇಲೆ ಮೊದಲು ಒಂದು ಸಲ ಒತ್ತಬೇಕು. ಆಗ ಲೋಡ್ ಹೈವ್ ಮಂಕು ಬಿಟ್ಟು ಎದ್ದು ಕಾಣುತ್ತದೆ. ಇದನ್ನು ಹೋದ ಕಾಗದದಲ್ಲೇ ಬರೆಯಬೇಕಿತ್ತು, ನೇರ ಒತ್ತಿದರೆ ಸಾಕು ಎಂದುಕೊಂಡು ಬಿಟ್ಟೆ. ಇಲ್ಲಿ ಎದುರಿಗೆ ಕಂಪ್ಯೂಟರ್ ಇಲ್ಲ, ನೆನಪಿನಿಂದ ಬರೆಯುತ್ತಿದ್ದೇನೆ.

ಟೀಚರ ಅಚ್ಚು ಹೊಲಿಗೆ ಯಂತ್ರದ ಕೆಳಗಿನ ಪೆಟ್ಟಿಗೆಯಲ್ಲಿದೆ. ಹಿಮ್ಮಡಿಯ ಹತ್ತಿರ ಬಿರುಕು ಬಿಟ್ಟಿತ್ತು, ಅಂಟಿಸಿ ಒಣಗಲು ಇಟ್ಟಿದ್ದೆ. ಈಗ ಒಣಗಿರುತ್ತದೆ.

ನಿನ್ನ ಕಾಗದ ಬಂದ ದಿನ ಪತ್ರ ನೋಡುವ ಅಧಿಕಾರಿ ಕರೆಸಿ, ಇದು ಬೇರೆ ಕೈ ಬರಹ, ಯಾರದು ಎಂದು ಕೇಳಿದರು. ನನ್ನಣ್ಣ ಎಂದೆ. ಅವರ ಪುಸ್ತಕದಲ್ಲಿ ನನ್ನ ಹೆಸರಿನ ಮುಂದೆ ಸಂಬಂಧಿಕರು ಎಂದು ಅತ್ತಿಗೆ ಒಬ್ಬರನ್ನೇ ಬರೆದಿದ್ದಾರೆ. “ಇವರನ್ನೂ ಸೇರಿಸಲಾ?” ಎಂದರು. ಸೇರಿಸಿ ಅಂದೆ. ಇನ್ನು ನೀನು ಬರೆಯಬಹುದು, ಭೇಟಿಯ ದಿನ ಬರಲೂಬಹುದು. ಬರಲೇಬೇಕು ಅಂತಲ್ಲ.

ಅತ್ತಿಗೆಯ ಜ್ವರ ಹೇಗಿದೆ?

ನಿನ್ನ ತಮ್ಮ


ಮೇ ೨೨

ಮೈದುನನಿಗೆ,

ನನಗೆ ಜ್ವರ ಬಂದಿರಲಿಲ್ಲ. ಒಂದು ಸೀನೂ ಬಂದಿರಲಿಲ್ಲ. ನಿಮ್ಮಣ್ಣ ಕಾಗದ ಪೆನ್ನು ತೆಗೆದುಕೊಂಡು ಒಳಗೆ ಕೂತಾಗ ನಾನು ಅಂಗಡಿಯ ಮುಂದೆ ಗಿರಾಕಿಗಳಿಗೆ ಬೂಟು ಹಾಕಿಸುತ್ತಿದ್ದೆ. ನನ್ನ ಜ್ವರದ ಸುದ್ದಿ ನಿನ್ನಿಂದಲೇ ನನಗೆ ತಿಳಿದದ್ದು.

ಕಂಪ್ಯೂಟರ್ ಎದ್ದಿದೆ. ಪೂರ್ತಿ ಎದ್ದಿದೆ. ಚಿತ್ರಗಳೆಲ್ಲ ಇದ್ದ ಜಾಗದಲ್ಲೇ ಇವೆ. ಪ್ರೋಗ್ರಾಮ್ ತೆರೆಯಿತು, ಪಾದಗಳೆಲ್ಲ ಇವೆ.

ಹೇಗಾಯಿತು ಎಂದು ಹೇಳುತ್ತೇನೆ. ಸಿ ಎಂಬುದು ಮೀಸಲು ಎಂದು ನೀನು ಬರೆದಿದ್ದ ಭಾಗವನ್ನು ನಿಮ್ಮಣ್ಣ ಮತ್ತೆ ಗಟ್ಟಿಯಾಗಿ ಓದಿದರು. “ಆ ಡಿಸ್ಕ್ ಅಲ್ಲಿಲ್ಲ ಅಂತ ಇದಕ್ಕೆ ಯಾರೂ ಹೇಳೇ ಇಲ್ಲ” ಎಂದರು. ಆಮೇಲೆ ಎದ್ದು ಹೋಗಿ ಚರ್ಮದ ರಾಶಿಯನ್ನು ಮಡಿಸಿಡತೊಡಗಿದರು. ಮಡಿಸಿದ್ದನ್ನೇ ಮತ್ತೆ ಮಡಿಸಿದರು. ನಾನು ಕರೆಯಲಿಲ್ಲ. ತಾವೇ ಬಂದು ಕೂತರು. ನೀನು ಹೇಳಿದ ಸಾಲಿನ ಮೇಲೆ ಒತ್ತಿದೆವು, ಮಂಕು ಹೋಯಿತು. ಹೆಸರು ಕೇಳಿತು. ಏನು ಕೊಡೋಣ ಅಂದೆ. ಅವರು ಕೀಬೋರ್ಡ್ ತಮ್ಮ ಕಡೆ ಎಳೆದುಕೊಂಡು ಒಂದೇ ಬೆರಳಿನಲ್ಲಿ ಕುಳ್ಳ ಎಂದು ಒತ್ತಿದರು. ನೀನು ಅವರಿಗಿಂತ ಒಂದು ಗೇಣು ಎತ್ತರ ಬೆಳೆದ ಮೇಲೂ ನಿನ್ನನ್ನು ಹಾಗೆ ಕರೆಯುತ್ತಿದ್ದ ಮನುಷ್ಯ. ಎಷ್ಟು ಕಾಲವಾಗಿತ್ತು ಆ ಪದ ಈ ಮನೆಯಲ್ಲಿ ಕೇಳಿ. ಕೇಳಲಿಲ್ಲ ಅನ್ನು, ಓದಿದೆ.

ಸಾಲುಗಳನ್ನು ಅಳಿಸಿದೆವು. ಅನ್‌ಲೋಡ್ ಮಾಡಲು ಮರೆಯಲಿಲ್ಲ. ಸಿ.ಡಿ. ತೆಗೆದು ಮತ್ತೆ ಏಳಿಸಿದೆವು. ಎದ್ದ ಮೇಲೆ ನಾನು ಕುಣಿಯುವುದೊಂದು ಬಾಕಿ. ಅವರು ಮಾತ್ರ, ಹ್ಞೂಂ, ಆಯ್ತಲ್ಲ ಎಂದು ಟೀಚರ ಎಡಗಾಲಿನ ಅಳತೆ ತೆರೆದು ಯಂತ್ರ ಚಾಲೂ ಮಾಡಿದರು. ಮೂರೂ ಪದರ ಓರೆ ತಪ್ಪದೆ ಬಂದವು. ಕೈಗೆತ್ತಿಕೊಂಡು ಅಂಚನ್ನು ಹೆಬ್ಬೆರಳಿನಿಂದ ಸವರಿ ನೋಡಿದರು, ನೀನು ನೋಡುತ್ತಿದ್ದ ಹಾಗೇ.

ಐದ್ನಿಮಿಷ ಬಂದು ನೋಡಿದರು. ಅವರ ಅಂಗಡಿಗೂ ಇಂಥ ಕೇಸುಗಳು ಬರುತ್ತವಂತೆ, ನಿನ್ನ ಕಾಗದಗಳ ಜೆರಾಕ್ಸ್ ಬೇಕಂತೆ. ಮನೆಯ ಮಾತಿರುವ ಪುಟ ಬಿಟ್ಟು ಮಿಕ್ಕದ್ದನ್ನು ಕೊಟ್ಟೆ. ಈ ಸಲ ಆ ಪುಟ್ಟ ಭಾಗವನ್ನು ಬಿಡುವುದಿಲ್ಲ ಎಂದು ಹೇಳಿಹೋದರು.

ನನಗೊಂದು ಚಿಂತೆ. ಇಷ್ಟು ದಿನ ಬರೆಯಲು ಒಂದು ನೆಪ ಇತ್ತು. ಪರದೆ ಕಪ್ಪು, ಪರದೆ ನೀಲಿ. ಈಗ ಕಂಪ್ಯೂಟರ್ ಗುಂಡುಕಲ್ಲಿನ ಹಾಗಿದೆ. ನಾನಂತೂ ಬರೆಯುತ್ತೇನೆ. ನಿಮ್ಮಣ್ಣನ ವಿಷಯ ನನಗೆ ಗೊತ್ತಿಲ್ಲ. ನಿನ್ನ ಕೊನೆಯ ಕಾಗದವನ್ನು ತಮ್ಮ ಜೇಬಿನಲ್ಲಿಟ್ಟುಕೊಂಡಿದ್ದಾರೆ, ನನಗೆ ವಾಪಸು ಕೊಟ್ಟಿಲ್ಲ. ನಾನೂ ಕೇಳಿಲ್ಲ.

ಸಾಹೇಬರಿಗೆ ಹೇಳು, ಬೂಟ್ ಅಂಗಡಿಯವರಿಗೆ ಬೂಟ್ ಮಾಡಲು ಬಂತು ಎಂದು.

ಅತ್ತಿಗೆ


ಜೂನ್ ೭

ಕುಳ್ಳಾ,

ಕಂಪ್ಯೂಟರ್ ಚೆನ್ನಾಗಿದೆ. ಕೇಳುವುದೇನೂ ಇಲ್ಲ. ಸುಮ್ಮನೆ ಬರೆಯುತ್ತಿದ್ದೇನೆ.

ಟೀಚರ್ ಬೂಟು ತೆಗೆದುಕೊಂಡು ಹೋದರು. ಹಾಕಿಕೊಂಡು ಬಾಗಿಲಿನಿಂದ ಕನ್ನಡಿಯವರೆಗೆ ನಡೆದರು, ತಿರುಗಿ ನಡೆದರು. ಹಿಮ್ಮಡಿ ಸ್ವಲ್ಪ ಬಿಗಿ ಅಂದರು, ಹೊಸದು ಹಾಗೇ ಇರುತ್ತದೆ ಅಂದೆ. ಅಚ್ಚಿನ ಅಂಟು ಗಟ್ಟಿಯಾಗಿ ಹಿಡಿದಿದೆ.

ಬೆರಳ ತುದಿಯ ಚರ್ಮ ಹೋಗಿದೆ ಎಂದು ನಿನ್ನ ಅತ್ತಿಗೆಗೆ ಬರೆದಿದ್ದೆ. ಅದು ವಾಪಸು ಬರುತ್ತದೆ. ನನಗೆ ಹಿಂದೆ ಟೈಫಾಯ್ಡ್ ಆಗಿ ಎರಡು ತಿಂಗಳು ಸೂಜಿ ಮುಟ್ಟಲಿಲ್ಲ, ಆಗಲೂ ಹಾಗೇ ಆಗಿತ್ತು. ಬಂದವನು ಮೊದಲು ಒಳಪದರ ಹೊಲಿ, ಅಟ್ಟೆಗೆ ಕೈ ಹಾಕಬೇಡ.

ಭೇಟಿಯ ದಿನ ಮುಂದಿನ ಭಾನುವಾರ ಎಂದು ತಿಳಿಯಿತು. ಇಬ್ಬರೂ ಬರುತ್ತೇವೆ. ನಿನ್ನ ಅತ್ತಿಗೆ ಬಸ್ಸಿನ ಹೊತ್ತು ವಿಚಾರಿಸುತ್ತಿದ್ದಳು. ಬೇಡ ಅಂದೆ. ವ್ಯಾನಿನ ಹೊದಿಕೆ ತೆಗೆದಿದ್ದೇನೆ. ಬ್ಯಾಟರಿ ಸತ್ತಿತ್ತು, ಮೆಕ್ಯಾನಿಕ್ಕನ್ನು ಕರೆಸಿ ಬೇರೆ ಹಾಕಿಸಿದೆ. ಟೈರಿಗೆ ಗಾಳಿ ತುಂಬಿಸಿದೆ, ಎಣ್ಣೆಯನ್ನು ಅವನೇ ಬದಲಾಯಿಸಿದ. ಎಲ್ಲ ಮುಗಿಸಿ ಕೈ ಒರೆಸಿಕೊಳ್ಳುತ್ತ, ಬ್ರೇಕ್ ಬಿಚ್ಚಿ ನೋಡಲಾ ಎಂದು ಕೇಳಿದ. ಅವನಿಗೂ ಕೋರ್ಟಿನ ವಿಷಯ ಗೊತ್ತು, ಬೀದಿಯಲ್ಲಿ ಯಾರಿಗೆ ಗೊತ್ತಿಲ್ಲ.

ಬೇಡ, ಸರಿಯಾಗಿದೆ ಅಂದೆ.

ಅಣ್ಣ